ಜಾನಪದ ಪಾಡ್‌ಕಾಸ್ಟ್

ಜಾನಪದ ಪಾಡ್‌ಕಾಸ್ಟ್ ಎಂಬುದು ಒಂದು ಪ್ರದೇಶದ ಜನಪದ ಹಾಡು, ಕಥೆ, ಕಾವ್ಯ ಹಾಗೂ ಹಳ್ಳಿಯ ಬದುಕಿನ ವಿವರಗಳನ್ನು ಧ್ವನಿಮುದ್ರಿಸಿ, ಕಂತುಗಳ ರೂಪದಲ್ಲಿ ಅಂತರಜಾಲದ ಮೂಲಕ ಕೇಳುಗರಿಗೆ ತಲುಪಿಸುವ ಶ್ರವ್ಯ ಕಾರ್ಯಕ್ರಮವಾಗಿದೆ. ಬಾನುಲಿಯಂತೆ ಇದಕ್ಕೆ ನಿಗದಿತ ವೇಳೆಯಿಲ್ಲ. ಕೇಳುಗರು ತಮಗೆ ಬಿಡುವಾದಾಗ ಕೇಳಬಹುದು. ಕಂತು ಇಷ್ಟೇ ನಿಮಿಷಗಳಲ್ಲಿ ಮುಗಿಯಬೇಕೆಂಬ ಕಟ್ಟುಪಾಡೂ ಇಲ್ಲ. ಜಾನಪದದ ಮಟ್ಟಿಗೆ ಈ ಎರಡನೆಯ ಗುಣವೇ ಹೆಚ್ಚು ಮಹತ್ವದ್ದು. ಹಾಡಿನ ಜೊತೆಗೆ ಅದನ್ನು ಹಾಡುವವರು ಯಾರು, ಯಾವ ಕೆಲಸದಲ್ಲಿ ಅಥವಾ ಯಾವ ಹಬ್ಬದಲ್ಲಿ ಹಾಡುತ್ತಾರೆ, ಯಾರಿಂದ ಕಲಿತರು ಎಂಬ ಮಾತುಗಳನ್ನೂ ಉಳಿಸಿಕೊಳ್ಳಲು ಇದರಲ್ಲಿ ಅವಕಾಶವಿದೆ. ಈ ಲೇಖನವು ಕರ್ನಾಟಕದ ಸಂದರ್ಭದಲ್ಲಿ ಇಂತಹ ಪಾಡ್‌ಕಾಸ್ಟ್ ತಯಾರಿಸುವ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ಧ್ವನಿಮುದ್ರಣದ ಪ್ರತಿಯೊಂದು ಸಾಧನವೂ ಜನಪದ ಹಾಡನ್ನು ತನ್ನ ಅಳತೆಗೆ ಕತ್ತರಿಸಿದೆ. 78 ಸುತ್ತುಗಳ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷಗಳ ಹಾಡು ಹಿಡಿಸುತ್ತಿತ್ತು. 60 ನಿಮಿಷಗಳ ಕ್ಯಾಸೆಟ್ಟಿನ ಒಂದು ಬದಿಯಲ್ಲಿ 30 ನಿಮಿಷ. ಇಡೀ ರಾತ್ರಿ ಹಾಡುವ ಮಲೆ ಮಾದೇಶ್ವರ ಅಥವಾ ಮಂಟೇಸ್ವಾಮಿ ಕಾವ್ಯಕ್ಕೆ ಇವೆರಡೂ ಸಾಲವು. ಆದುದರಿಂದ ಮಾರಾಟಕ್ಕೆ ಬಂದ ಜನಪದ ಗೀತೆಗಳಲ್ಲಿ ಚಿಕ್ಕವು, ಬೇಗ ಬಾಯಿಗೆ ಬರುವಂತಹವು ಮುಂದೆ ಬಂದವು. ಉಳಿದವು ಹಿಂದೆ ನಿಂತವು.

ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು. ಮುಂದೆ ಸರ್ಕಾರಿ ಬಾನುಲಿಯು ಇದೇ ಹೆಸರಿನಿಂದ ಪ್ರಸಿದ್ಧವಾಗಿ, ಅನೇಕ ಗ್ರಾಮೀಣ ಗಾಯಕರನ್ನು ಮೊದಲ ಬಾರಿಗೆ ನಾಡಿಗೆ ಕೇಳಿಸಿತು. ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು (1979) ಮತ್ತು ರಾಮನಗರದ ಬಳಿಯ ಜಾನಪದ ಲೋಕ (1994) ಧ್ವನಿಸಂಗ್ರಹಕ್ಕೆ ನೆಲೆಯಾದವು. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರು 1990ರಲ್ಲಿ ಧ್ವನಿಮುದ್ರಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಕತ್ತರಿಸದೆ ಕೇಳಿದರೆ ಒಬ್ಬ ಗಾಯಕನ ನೆನಪಿನಲ್ಲಿ ಎಷ್ಟಿರಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಹಳ್ಳಿಯವರೇ ನಡೆಸುವ ಬಾನುಲಿಯ ಕಲ್ಪನೆಗೂ ಕರ್ನಾಟಕಕ್ಕೂ ನಂಟಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಕೇಂದ್ರವು ಪರವಾನಗಿ ದೊರೆಯದ ಕಾಲದಲ್ಲಿ ಕೇಬಲ್ ತಂತಿಯ ಮೂಲಕವೇ ಮನೆಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಬಾನುಲಿ ತರಂಗಗಳು ಸಾರ್ವಜನಿಕ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಹೇಳಿತಾದರೂ, ಸಮುದಾಯ ಬಾನುಲಿಯ ಪರವಾನಗಿ ಶಿಕ್ಷಣ ಸಂಸ್ಥೆಗಳಿಗೆ ತೆರೆದದ್ದು 2002ರಲ್ಲಿ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ. ಪಾಡ್‌ಕಾಸ್ಟಿಗೆ ಇಂತಹ ತರಂಗ ಪರವಾನಗಿಯ ಅಗತ್ಯವಿಲ್ಲ. 'ಐಪಾಡ್' ಮತ್ತು 'ಬ್ರಾಡ್‌ಕಾಸ್ಟ್' ಪದಗಳ ಕೂಡಿಕೆಯಾದ ಈ ಹೆಸರು 2004ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರ ಲೇಖನದಲ್ಲಿ ಬಳಕೆಗೆ ಬಂದಿತು.

ವಸ್ತು ಮತ್ತು ಕಂತುಗಳ ವಿಂಗಡಣೆ

ಕಂತುಗಳಾಗಿ ಒಡೆಯುವುದು ಜನಪದಕ್ಕೆ ಹೊಸದಲ್ಲ. ಮಲೆ ಮಾದೇಶ್ವರ ಕಾವ್ಯವನ್ನು ಕಂಸಾಳೆಯವರು 'ಸಾಲು'ಗಳಾಗಿ ಹಾಡುತ್ತಾರೆ. ಶರಣೆ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂಬಂತೆ ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದ ಕಥೆ. ಆದ್ದರಿಂದ ದೊಡ್ಡ ಕಾವ್ಯವನ್ನು ಅರ್ಧ ಗಂಟೆಯ ಲೆಕ್ಕದಲ್ಲಿ ತುಂಡರಿಸುವುದಕ್ಕಿಂತ ಗಾಯಕರು ತಾವೇ ನಿಲ್ಲಿಸುವ ಎಡೆಯಲ್ಲಿ ನಿಲ್ಲಿಸುವುದು ಸೂಕ್ತ.

ಕೆಲಸದ ಹಾಡುಗಳ ಸ್ಥಿತಿ ಬೇರೆ. ಬೀಸುವ ಕಲ್ಲಿನ ಪದಗಳು ಹಿಟ್ಟಿನ ಗಿರಣಿ ಬಂದ ಮೇಲೆ ಕೆಲಸ ಕಳೆದುಕೊಂಡವು. ಉತ್ತರ ಕರ್ನಾಟಕದಲ್ಲಿ ಕಣದ ಮೇಲೆ ಎತ್ತುಗಳು ಸುತ್ತುವಾಗ ಹಾಡುತ್ತಿದ್ದ ಹಂತಿ ಪದಗಳು ಒಕ್ಕಣೆ ಯಂತ್ರದ ಸದ್ದಿನಲ್ಲಿ ಅಡಗಿದವು. ಇವನ್ನು ಈಗ ನೆನಪಿನಿಂದಲೇ ಹಾಡಿಸಬೇಕು. ಹಾಗೆ ಹಾಡಿಸುವಾಗ ಕಣ ಹೇಗೆ ಸಿದ್ಧವಾಗುತ್ತಿತ್ತು, ಎತ್ತುಗಳನ್ನು ಹೇಗೆ ಸಾಲಾಗಿ ಕಟ್ಟುತ್ತಿದ್ದರು, ಮೇಟಿಗೆ ಯಾವ ಪೂಜೆ ಸಲ್ಲುತ್ತಿತ್ತು ಎಂಬುದನ್ನು ಗಾಯಕರ ಬಾಯಿಂದಲೇ ಕೇಳಿ ಮುದ್ರಿಸದಿದ್ದರೆ, ಕಣವನ್ನೇ ಕಾಣದ ತಲೆಮಾರಿಗೆ ಪದವೊಂದು ಉಳಿದರೂ ಅದರ ಅರ್ಥ ಉಳಿಯದು. ಬೀಸುವ ಕಲ್ಲು ಮನೆಯಲ್ಲಿ ಇನ್ನೂ ಇದ್ದರೆ ಎರಡು ಹಿಡಿ ರಾಗಿ ಹಾಕಿ ಬೀಸುತ್ತ ಹಾಡಲು ಕೋರಬಹುದು. ಕಲ್ಲಿನ ಸುತ್ತು ಹಾಡಿನ ಲಯವನ್ನು ತಾನಾಗಿ ಸರಿಪಡಿಸುತ್ತದೆ.

ಕೆಲವು ಹಾಡುಗಳಿಗೆ ಕಾಲ ನಿಗದಿಯಾಗಿದೆ. ಜೋಕುಮಾರಸ್ವಾಮಿಯ ಹಾಡುಗಳು ಭಾದ್ರಪದ ಮಾಸಕ್ಕೆ, ಮಲೆನಾಡಿನ ಅಂಟಿಕೆ-ಪಂಟಿಕೆ ಹಾಡುಗಳು ದೀಪಾವಳಿಯ ರಾತ್ರಿಗಳಿಗೆ ಸೇರಿದವು. ಹೊತ್ತಲ್ಲದ ಹೊತ್ತಿನಲ್ಲಿ ದೇವರ ಹಾಡು ಹಾಡಲಾಗದೆಂದು ಗಾಯಕರು ಹೇಳಿದರೆ ಒತ್ತಾಯ ಸಲ್ಲದು. ಆ ದಿನಕ್ಕಾಗಿ ಕಾಯಬೇಕು. ವರ್ಷದ ಪಂಚಾಂಗವನ್ನು ಮುಂದಿಟ್ಟುಕೊಂಡು ಕಂತುಗಳನ್ನು ಯೋಜಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಹಾಡಿಲ್ಲದ ತಿಂಗಳುಗಳಿಗೆ ಸಂತೆ, ಆಲೆಮನೆ, ಕುರಿಗಾರರ ಅಲೆದಾಟ, ಮನೆತನಗಳ ವಂಶಾವಳಿ ಹೇಳುವ ಹೆಳವರು ಮುಂತಾದ ವಿಷಯಗಳು ಒದಗುತ್ತವೆ.

ಕಥೆ ಮತ್ತು ಹೂಂಗುಟ್ಟುವವರು

ಜನಪದ ಕಥೆಯನ್ನು ಹೇಳುವವರಷ್ಟೇ ಹೂಂಗುಟ್ಟುವವರೂ ಮುಖ್ಯ. ಎದುರಿಗೆ ಕುಳಿತವರು 'ಹೂಂ' ಎನ್ನುತ್ತಿದ್ದರೆ ಮಾತ್ರ ಕಥೆ ಮುಂದೆ ಸಾಗುತ್ತದೆ. ಆ ದನಿ ನಿಂತರೆ ಕೇಳುಗರಿಗೆ ನಿದ್ದೆ ಬಂದಿತೆಂದು ಅಜ್ಜಿ ಕಥೆಯನ್ನು ಅಲ್ಲಿಗೇ ಬಿಡುವುದುಂಟು. ಮೊಬೈಲನ್ನು ಮುಂದಿಟ್ಟು ಕಥೆ ಹೇಳಿರೆಂದರೆ ಬರುವುದು ಕಥೆಯ ಸಾರಾಂಶ ಮಾತ್ರ. ಮೊಮ್ಮಗುವನ್ನೋ ನೆರೆಮನೆಯವರನ್ನೋ ಜೊತೆಗೆ ಕೂರಿಸಿದರೆ ಅದೇ ಕಥೆ ಅನುಕರಣೆ, ಪ್ರಶ್ನೆ, ನಗುವುಗಳೊಂದಿಗೆ ಎರಡು ಪಟ್ಟು ಬೆಳೆಯುತ್ತದೆ. ಸಂಕಲನ ಮಾಡುವಾಗ ಈ 'ಹೂಂ'ಗಳನ್ನು ತೆಗೆದುಹಾಕುವುದು ತಪ್ಪು.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದರಲ್ಲಿ, ತನಗೆ ತಿಳಿದಿದ್ದ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಗೃಹಿಣಿಯ ಮೇಲೆ ಅವೆರಡೂ ಮುನಿಯುತ್ತವೆ. ಅವು ಬಾಗಿಲ ಬಳಿ ಪರಪುರುಷನ ಪಾದರಕ್ಷೆಯಾಗಿ, ಮೇಲಂಗಿಯಾಗಿ ಕಾಣಿಸಿಕೊಂಡು ಗಂಡ ಹೆಂಡಿರ ನಡುವೆ ಜಗಳ ತರುತ್ತವೆ. ಮೌಖಿಕ ಪರಂಪರೆಯು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತಿದು.

ಧ್ವನಿಮುದ್ರಣ

ದುಬಾರಿ ಸಲಕರಣೆ ಅನಿವಾರ್ಯವಲ್ಲ. ಸಾಮಾನ್ಯ ಮೊಬೈಲ್ ಮತ್ತು ಅದಕ್ಕೆ ಜೋಡಿಸುವ ಒಂದು ಮೈಕ್ ಆರಂಭಕ್ಕೆ ಸಾಕು. ಮೂಲ ಮುದ್ರಣವನ್ನು ಸಂಕುಚಿತಗೊಳಿಸದ ವೇವ್ ರೂಪದಲ್ಲಿ ಇಡಬೇಕು. 48 ಕಿಲೋಹರ್ಟ್ಸ್, 24 ಬಿಟ್‌ಗಳ ಏಕವಾಹಿನಿ ಮುದ್ರಣಕ್ಕೆ ಗಂಟೆಗೆ ಸುಮಾರು 520 ಮೆಗಾಬೈಟ್ ಜಾಗ ಬೇಕಾಗುತ್ತದೆ. ಬಯಲಿನಲ್ಲಿ ಗಾಳಿಯ ಸದ್ದು ತಡೆಯಲು ಮೈಕಿಗೆ ಸ್ಪಂಜು ಅಥವಾ ತುಪ್ಪಳದ ಹೊದಿಕೆ ಹಾಕುವುದು ರೂಢಿ. ಮನೆಯೊಳಗೆ ಫ್ಯಾನ್, ದೂರದರ್ಶನ ನಿಲ್ಲಿಸಬೇಕು. ಬರಿಯ ಸಿಮೆಂಟ್ ಗೋಡೆಗಳ ಕೋಣೆ ಮಾರ್ದನಿಸುವುದರಿಂದ ಹಜಾರ, ಜಗಲಿ ಅಥವಾ ಮರದ ನೆರಳು ಮೇಲು.

ಕಂಸಾಳೆ, ಗಗ್ಗರ, ತಾಳಗಳ ಲೋಹದ ಸದ್ದು ಕಂಠವನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಮೈಕನ್ನು ಮುಖ್ಯ ಗಾಯಕರ ಬಾಯಿಗೆ ಹತ್ತಿರವಾಗಿ, ವಾದ್ಯದಿಂದ ಓರೆಯಾಗಿ ಇರಿಸಿ, ಮೊದಲು ಗಟ್ಟಿಯಾದ ಭಾಗವನ್ನು ಹಾಡಿಸಿ ಮಟ್ಟವನ್ನು ಹೊಂದಿಸಬೇಕು. ಸಾಧ್ಯವಾದರೆ ಹಿಮ್ಮೇಳಕ್ಕೆ ಬೇರೊಂದು ಮೈಕ್ ಇಡುವುದು ಒಳ್ಳೆಯದು. ಹಿಮ್ಮೇಳದವರು ಮತ್ತೆ ಮತ್ತೆ ಹೇಳುವ ಸೊಲ್ಲು ಕೇಳಲು ಬೇಸರವೆಂದು ಕತ್ತರಿಸುವವರಿದ್ದಾರೆ. ಮುಮ್ಮೇಳದ ಗಾಯಕರಿಗೆ ಉಸಿರಿಗೂ ಮುಂದಿನ ನುಡಿಯ ನೆನಪಿಗೂ ಬಿಡುವು ದೊರೆಯುವುದು ಆ ಸೊಲ್ಲಿನಲ್ಲಿಯೇ. ಅದನ್ನು ತೆಗೆದರೆ ಹಾಡಿನ ಕಟ್ಟೇ ಸಡಿಲಗೊಳ್ಳುತ್ತದೆ. ಹಾಡು ಮುಗಿದ ಕೂಡಲೇ ಯಂತ್ರವನ್ನು ನಿಲ್ಲಿಸಬಾರದು. 'ಇದು ನಮ್ಮವ್ವ ಹೇಳಿಕೊಟ್ಟದ್ದು' ಎಂಬಂತಹ ಮಾತುಗಳು ಬರುವುದು ಆಮೇಲೆ.

ನಿರೂಪಕರು ಶಿಷ್ಟ ಕನ್ನಡದಲ್ಲಿ ಮಾತನಾಡಬಹುದು, ಆದರೆ ಗಾಯಕರ ಆಡುನುಡಿಯನ್ನು ತಿದ್ದಬಾರದು. ಕೇಳುಗರಿಗೆ ಅಪರಿಚಿತವಾದ ಪದಗಳ ಅರ್ಥವನ್ನು ಹಾಡಿನ ಮೊದಲು ಅಥವಾ ಅನಂತರ ಹೇಳಬಹುದು. ಹಾಡಿನ ಮೇಲೆಯೇ ವಿವರಣೆ ಹಾಸುವುದು ಹಾಡನ್ನು ಹಾಳುಗೆಡವುತ್ತದೆ.

ಒಪ್ಪಿಗೆ ಮತ್ತು ಹಕ್ಕು

ಜನಪದ ಹಾಡಿಗೆ ಕರ್ತೃವಿಲ್ಲ, ಆದ್ದರಿಂದ ಯಾರು ಬೇಕಾದರೂ ಬಳಸಬಹುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ ಮಾತ್ರ. ಹಾಡು ಪರಂಪರೆಯದಾದರೂ ಹಾಡಿದ್ದು ಒಬ್ಬ ವ್ಯಕ್ತಿ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡುತ್ತದೆ; ಈ ಹಕ್ಕು 50 ವರ್ಷಗಳವರೆಗೆ ಇರುತ್ತದೆ. ಅಂದರೆ ಗಾಯಕರ ಒಪ್ಪಿಗೆಯಿಲ್ಲದೆ ಮುದ್ರಿಸಿ ಪ್ರಸಾರ ಮಾಡುವಂತಿಲ್ಲ. ಓದುಬರಹ ತಿಳಿಯದವರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ, ಇದು ಎಲ್ಲಿ ಕೇಳಿಸುತ್ತದೆ, ಯಾರು ಕೇಳುತ್ತಾರೆ, ಹಣ ಬಂದರೆ ಹಂಚಿಕೆ ಹೇಗೆ ಎಂಬುದನ್ನು ಅವರ ಮಾತಿನಲ್ಲಿ ವಿವರಿಸಿ, ಅವರ ಒಪ್ಪಿಗೆಯನ್ನು ದನಿಯಲ್ಲಿಯೇ ಮುದ್ರಿಸಿಕೊಳ್ಳುವುದು ಹೆಚ್ಚು ಪ್ರಾಮಾಣಿಕ ಕ್ರಮ. ಮುದ್ರಣ ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸಿ, ಬೇಡವೆಂದ ಭಾಗವನ್ನು ಬಿಡಬೇಕು.

ಕರ್ನಾಟಕದ ವೃತ್ತಿಗಾಯಕರಲ್ಲಿ ಅನೇಕರು ದಲಿತ ಮತ್ತು ಅಲೆಮಾರಿ ಸಮುದಾಯಗಳಿಗೆ ಸೇರಿದವರು. ಹಾಡುವುದು ಅವರಿಗೆ ಆರಾಧನೆಯೂ ಹೌದು, ಅನ್ನವೂ ಹೌದು. ಒಂದು ದಿನ ಕೂರಿಸಿ ಹಾಡಿಸಿದರೆ ಅಂದಿನ ಕೂಲಿಯನ್ನಾದರೂ ಕೊಡುವುದು ಸೌಜನ್ಯವಲ್ಲ, ಕರ್ತವ್ಯ. ಕಂತಿನ ಶೀರ್ಷಿಕೆಯಲ್ಲಿ ನಿರೂಪಕರಿಗಿಂತ ಮೊದಲು ಗಾಯಕರ ಹೆಸರು ಬರಬೇಕು. ಅಂಕೋಲಾ ತಾಲೂಕಿನ ಹಾಲಕ್ಕಿ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ದೊರೆತು ನಾಡೆಲ್ಲ ಅವರ ಹೆಸರನ್ನು ಬಲ್ಲದು. ಆದರೆ ಬಹುಪಾಲು ಸೋಬಾನೆ ಹಾಡುಗಳು 'ಹಾಡಿದವರು: ಗ್ರಾಮದ ಮಹಿಳೆಯರು' ಎಂಬ ಒಂದೇ ಸಾಲಿನಲ್ಲಿ ಅಡಗಿವೆ.

ಪ್ರಸಾರ ಮತ್ತು ಸಂರಕ್ಷಣೆ

ಮುದ್ರಣವನ್ನು ಅಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಸಂಕಲಿಸಿ, ಎಂಪಿ3 ರೂಪಕ್ಕೆ ಪರಿವರ್ತಿಸಿ, ಕಡತಗಳನ್ನು ಇರಿಸುವ ಸೇವೆಯೊಂದಕ್ಕೆ ಏರಿಸಲಾಗುತ್ತದೆ. ಆ ಸೇವೆಯು ಒದಗಿಸುವ ಆರೆಸ್ಸೆಸ್ ಎಂಬ ಅಂತರಜಾಲ ಪಟ್ಟಿಯ ಮೂಲಕ ಹೊಸ ಕಂತು ಕೇಳುಗರ ಮೊಬೈಲಿಗೆ ತಾನಾಗಿ ತಲುಪುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ದರದ ಅರ್ಧ ಗಂಟೆಯ ಕಂತು 15 ಮೆಗಾಬೈಟಿಗಿಂತ ಕಡಿಮೆ ಇರುವುದರಿಂದ ಜಾಲ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿಯೂ ಇಳಿಸಿಕೊಳ್ಳಬಹುದು. ಆದರೂ ಹಾಡಿದವರ ಊರಿನಲ್ಲೇ ಅನೇಕ ಹಿರಿಯರ ಬಳಿ ಸ್ಮಾರ್ಟ್‌ಫೋನ್ ಇರುವುದಿಲ್ಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಕೇಳುವ ಹಾಡನ್ನು ಹಳ್ಳಿಯ ತಾಯಿ ಕೇಳಲಾರದಂತಾಗಬಾರದು. ಕಂತುಗಳನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿ ಊರಿಗೆ ಕೊಡುವುದು, ಶಾಲೆಯಲ್ಲಿ ಅಥವಾ ಗ್ರಂಥಾಲಯದಲ್ಲಿ ಕೇಳಿಸುವುದು, ಹತ್ತಿರದ ಸಮುದಾಯ ಬಾನುಲಿಗೆ ಒದಗಿಸುವುದು ಇದಕ್ಕೆ ಪರಿಹಾರಗಳು.

ಪಾಡ್‌ಕಾಸ್ಟ್ ಸೇವೆಗಳು ಮುಚ್ಚಿಹೋಗುವುದುಂಟು, ಆದ್ದರಿಂದ ಅವನ್ನು ಸಂಗ್ರಹಾಲಯವೆಂದು ಭಾವಿಸಲಾಗದು. ಮೂಲ ಕಡತಗಳ ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಬೇಕು. ಪ್ರತಿಯೊಂದು ಕಡತದ ಜೊತೆಗೆ ಹಾಡಿದವರ ಹೆಸರು, ವಯಸ್ಸು, ಊರು, ದಿನಾಂಕ, ಹಾಡಿನ ಸಂದರ್ಭ, ಕಲಿಸಿದವರು, ಒಪ್ಪಿಗೆಯ ವಿವರ ಇವುಗಳನ್ನು ಬರೆದಿಡಬೇಕು. ಈ ವಿವರಗಳನ್ನು ಮುದ್ರಣವಾದ ದಿನವೇ ದಾಖಲಿಸುವುದು ಉತ್ತಮ.