ಆ ಕೋಣೆಯೊಳಗೇ ಇತ್ತು ಇಡೀ ಚಕ್ರವ್ಯೂಹ!

ನಿಲ್ಲಿಸಿ, ಅಲ್ಲೇ ನಿಲ್ಲಿಸಿ! ಸಿನಿಮಾ ಈಗಷ್ಟೇ ಶುರುವಾಗಿದೆ. ಸಾರಾ ಎಂಬ ಹುಡುಗಿ ಮಲತಾಯಿಯ ಜೊತೆ ಜಗಳ ಮಾಡಿಕೊಂಡು ತನ್ನ ಕೋಣೆ ಸೇರಿಕೊಂಡಿದ್ದಾಳೆ. ಕ್ಯಾಮೆರಾ ಆ ಕೋಣೆಯ ಗೋಡೆ, ಕಪಾಟು, ಮೇಜುಗಳ ಮೇಲೆ ಸುಮ್ಮನೆ ಒಮ್ಮೆ ಸುಳಿದಾಡುತ್ತದೆ. ಥಿಯೇಟರಿನಲ್ಲಿ ಕೂತವರಿಗೆ ಅದು ಕೆಲವೇ ಕ್ಷಣಗಳ ನೋಟ, ಬಂತು, ಹೋಯಿತು. ಆದರೆ ಮನೆಯಲ್ಲಿ ಡಿಸ್ಕ್ ಹಾಕಿಕೊಂಡು ಕೂತವರ ಕೈಯಲ್ಲಿ ರಿಮೋಟ್ ಇದೆ. ಪಾಸ್ ಒತ್ತಿ. ಈಗ ನೋಡಿ.

ಅಗೋ, ದೊಡ್ಡ ದೇಹದ, ಮೈತುಂಬ ಕೂದಲಿನ ಆ ಬೊಂಬೆ! ಮುಂದೆ ಇವಳ ಗೆಳೆಯನಾಗುವ ಲುಡೋ ಅದೇ ಅಲ್ಲವೇ? ನಾಯಿಯ ಮೇಲೆ ಸವಾರಿ ಮಾಡುವ ವೀರ ಸರ್ ಡಿಡಿಮಸ್ ಕೂಡ ಆಟಿಕೆಯಾಗಿ ಇಲ್ಲೇ ಕೂತಿದ್ದಾನೆ. ಪುಸ್ತಕಗಳು ಬೀಳದಂತೆ ಒತ್ತುಕೊಟ್ಟಿರುವ ಪುಟ್ಟ ಮೂರ್ತಿಯ ಮುಖ ನೋಡಿ, ಗೊಣಗುಟ್ಟುವ ಕುಳ್ಳ ಹಾಗಲ್‌ನದೇ ಮುಖ! ಮೇಜಿನ ಮೇಲೊಂದು ಚಕ್ರವ್ಯೂಹದ ಆಟದ ಹಲಗೆ. ಸಂಗೀತದ ಪೆಟ್ಟಿಗೆಯೊಳಗೆ ಬಿಳಿಯ ನಿಲುವಂಗಿ ತೊಟ್ಟು ತಿರುಗುವ ಗೊಂಬೆ. ಸಿನಿಮಾದ ನಡುವೆ ಮುಖವಾಡದ ನೃತ್ಯಕೂಟಕ್ಕೆ ಸಾರಾ ಬರುವುದು ಅಂಥದೇ ಉಡುಪಿನಲ್ಲಿ. ಗೋಡೆಯ ಮೇಲೆ ಎಷರ್‌ನ ‘ರಿಲೇಟಿವಿಟಿ’ ಚಿತ್ರ, ಮೇಲು ಯಾವುದು ಕೆಳಗು ಯಾವುದು ಗೊತ್ತಾಗದ ಮೆಟ್ಟಿಲುಗಳು. ಕಥೆಯ ಕೊನೆಗೆ ಅವಳು ತಮ್ಮನನ್ನು ಹುಡುಕಿಕೊಂಡು ಓಡುವುದು ಅವೇ ಮೆಟ್ಟಿಲುಗಳ ಮೇಲೆ! ಅಷ್ಟೇ ಅಲ್ಲ, ನಟಿಯಾಗಿದ್ದ ಅವಳ ಹೆತ್ತತಾಯಿಯ ಫೋಟೋಗಳನ್ನು ಹತ್ತಿರದಿಂದ ನೋಡಿ. ಆಕೆಯ ಪಕ್ಕ ನಿಂತ ಗಂಡಸಿನ ಮುಖ ಗಾಬ್ಲಿನ್‌ಗಳ ರಾಜ ಜಾರೆತ್‌ನದು, ಅಂದರೆ ಆ ಪಾತ್ರ ಮಾಡಿದ ಡೇವಿಡ್ ಬೋವಿಯದು.

ಇಡೀ ಸಿನಿಮಾ ಆ ಕೋಣೆಯಲ್ಲಿದೆ. ಪಾತ್ರ, ಪ್ರದೇಶ, ಖಳನಾಯಕ, ಕೊನೆಯ ದೃಶ್ಯ, ಎಲ್ಲವನ್ನೂ ಮೊದಲೇ ನಮ್ಮೆದುರು ಹರಡಿಟ್ಟು, ನಮಗೇ ಗೊತ್ತಾಗದ ಹಾಗೆ ಮುಂದೆ ಸಾಗಿಬಿಟ್ಟಿದ್ದಾರೆ ನಿರ್ದೇಶಕ ಜಿಮ್ ಹೆನ್ಸನ್!

ಸಿನಿಮಾದ ಹೆಸರು ‘ಲ್ಯಾಬಿರಿಂತ್’. ಅಮೆರಿಕದಲ್ಲಿ ತೆರೆಕಂಡದ್ದು 1986ರ ಜೂನ್ 27ರಂದು. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನ ಎಲ್ಸ್‌ಟ್ರೀ ಸ್ಟುಡಿಯೋದಲ್ಲಿ. ಮಪೆಟ್ ಗೊಂಬೆಗಳಿಂದ ಜಗತ್ತಿನ ಮಕ್ಕಳನ್ನೆಲ್ಲ ನಗಿಸಿದ ಹೆನ್ಸನ್ ಇದರ ನಿರ್ದೇಶಕರು. ನಿರ್ಮಾಣದಲ್ಲಿ ಜಾರ್ಜ್ ಲ್ಯೂಕಾಸ್ ಕೈಜೋಡಿಸಿದ್ದರು. ಚಿತ್ರಕಥೆಯ ಮೇಲೆ ಮಾಂಟಿ ಪೈಥನ್ ತಂಡದ ಟೆರಿ ಜೋನ್ಸ್ ಹೆಸರಿದೆ. ಅಳುವ ತಮ್ಮನನ್ನು ಗಾಬ್ಲಿನ್‌ಗಳು ಹೊತ್ತೊಯ್ಯಲಿ ಎಂದು ಸಿಟ್ಟಿನಲ್ಲಿ ಹಾರೈಸುತ್ತಾಳೆ ಅಕ್ಕ. ಅವು ನಿಜವಾಗಿಯೂ ಹೊತ್ತೊಯ್ಯುತ್ತವೆ. ಹದಿಮೂರು ಗಂಟೆಗಳೊಳಗೆ ಚಕ್ರವ್ಯೂಹ ದಾಟಿ ಅವನನ್ನು ಬಿಡಿಸಿ ತರಬೇಕು. ಕಥೆ ಇಷ್ಟೇ. ಚಿತ್ರೀಕರಣ ಶುರುವಾದಾಗ ಸಾರಾ ಪಾತ್ರದ ಜೆನಿಫರ್ ಕಾನೆಲಿಗೆ ಹದಿನಾಲ್ಕು ವರ್ಷ.

ಚಿತ್ರಕ್ಕೆ ಸುರಿದದ್ದು ಎರಡೂವರೆ ಕೋಟಿ ಡಾಲರ್. ಅಮೆರಿಕದ ಥಿಯೇಟರುಗಳಲ್ಲಿ ಬಂದದ್ದು ಅದರ ಅರ್ಧದ ಆಸುಪಾಸು. ಹೆನ್ಸನ್ ಕುಗ್ಗಿಹೋದರು. ಇನ್ನೊಂದು ಕಥಾಚಿತ್ರವನ್ನು ಅವರು ನಿರ್ದೇಶಿಸಲೇ ಇಲ್ಲ. 1990ರ ಮೇ 16ರಂದು, ಐವತ್ಮೂರನೇ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಸಿನಿಮಾ ಸಾಯಲಿಲ್ಲ! ಅದು ವಿಡಿಯೋ ಕ್ಯಾಸೆಟ್ಟಾಗಿ ಮನೆಮನೆ ಸೇರಿತು. ದೊಡ್ಡವರು ಒಮ್ಮೆ ನೋಡಿ ಮರೆತದ್ದನ್ನು ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ರಿವೈಂಡ್ ಮಾಡಿದರು, ನಿಲ್ಲಿಸಿದರು, ಟಿವಿ ಪರದೆಗೆ ಮೂಗು ಹಚ್ಚಿ ಹುಡುಕಿದರು. ನನಗೆ ಅನುಮಾನವೇ ಇಲ್ಲ: ಈ ಚಿತ್ರವನ್ನು ಉಳಿಸಿದ್ದು ವಿಮರ್ಶಕರಲ್ಲ, ಮನೆಯ ಟಿವಿ ಮುಂದೆ ನೆಲದ ಮೇಲೆ ಕೂತ ಮಕ್ಕಳು. ಎರಡನೇ ಸಲ ನೋಡುವವರಿಗಾಗಿಯೇ ಮಾಡಿದ ಚಿತ್ರ ಇದು, ಎರಡನೇ ಸಲದ ನೋಟ ಸಿಕ್ಕುವುದು ಮನೆಯಲ್ಲೇ.

ಅದೂ ಎಂಥ ನೋಟ! ಚೌಕಾಕಾರದ ಹಳೆಯ ಟಿವಿಗೆ ಹೊಂದಿಸಲು ಅಗಲದ ಚಿತ್ರವನ್ನು ಇಕ್ಕೆಲಗಳಲ್ಲಿ ಕತ್ತರಿಸುತ್ತಿದ್ದ ಕಾಲ. ಹಾಗೆ ಕತ್ತರಿಸಿದರೆ ಹೆಚ್ಚುಕಡಿಮೆ ಐದರಲ್ಲಿ ಎರಡು ಭಾಗ ಚಿತ್ರವೇ ಮಾಯ. ಆಮೇಲೆ ಡಿವಿಡಿ ಬಂದು ಪೂರ್ತಿ ಅಗಲ ಮರಳಿತು. 2009ರಲ್ಲಿ ಬ್ಲೂ-ರೇ. ಮೂವತ್ತು ವರ್ಷ ತುಂಬಿದ 2016ರಲ್ಲಿ 4ಕೆ ಡಿಸ್ಕ್. ಡಿವಿಡಿಯ ಒಂದು ಚೌಕಟ್ಟಿನಲ್ಲಿ ನಾಲ್ಕು ಲಕ್ಷದ ಆಸುಪಾಸು ಚುಕ್ಕಿಗಳಿದ್ದರೆ 4ಕೆಯಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು! ಕತ್ತಲಲ್ಲಿ ಕಲಸಿಹೋಗಿದ್ದ ಗೋಡೆಯ ಪಾಚಿ, ಹಾಗಲ್‌ನ ಚರ್ಮದ ಸುಕ್ಕು, ಎಲ್ಲವೂ ಎದ್ದುಬಂದವು. ಚಕ್ರವ್ಯೂಹದ ಕಲ್ಲುಬಂಡೆಗಳ ನಡುವೆ ಅಲ್ಲಲ್ಲಿ ಬೋವಿಯ ಮುಖವನ್ನು ಅಡಗಿಸಿಟ್ಟಿದ್ದಾರೆ, ಹುಡುಕಿದವರಿಗೆ ಸಿಗುತ್ತದೆ. ರಾಜನ ಕೋಟೆಯ ಬಾಗಿಲಲ್ಲಿ ಹಾಲಿನ ಬಾಟಲಿಗಳನ್ನೂ ಇಟ್ಟಿದ್ದಾರೆ! ಗಾಬ್ಲಿನ್‌ಗಳ ರಾಜನ ಮನೆಗೂ ಬೆಳಿಗ್ಗೆ ಹಾಲು ಬರುತ್ತದೆ.

ಡಿಸ್ಕಿನ ನಿಜವಾದ ನಿಧಿ ಇನ್ನೂ ಇದೆ. ‘ಇನ್‌ಸೈಡ್ ದಿ ಲ್ಯಾಬಿರಿಂತ್’ ಎಂಬ ಸಾಕ್ಷ್ಯಚಿತ್ರವನ್ನು ಜೊತೆಗೇ ಕೊಟ್ಟಿದ್ದಾರೆ. ಜಾರೆತ್‌ನ ಕೈಮೇಲೆ ಗಾಜಿನ ಗೋಲಗಳು ಬೆರಳಿಂದ ಬೆರಳಿಗೆ ನೀರಿನಂತೆ ಹರಿಯುತ್ತವಲ್ಲ, ಆ ಕೈ ಬೋವಿಯದಲ್ಲ! ಮೈಕಲ್ ಮೊಶೆನ್ ಎಂಬ ಕಲಾವಿದ ಬೋವಿಯ ಬೆನ್ನ ಹಿಂದೆ ಬಾಗಿ ಕೂತು, ತನ್ನ ತೋಳನ್ನು ಅವನ ತೋಳಿನ ಜಾಗದಲ್ಲಿ ಚಾಚಿ, ಗೋಲಗಳನ್ನು ಕಣ್ಣಲ್ಲಿ ನೋಡದೆಯೇ ಆಡಿಸಿದ. ಕಣ್ಣಿಗೆ ಕಾಣದ ಗೋಲವನ್ನು ಬರೀ ಚರ್ಮದ ಅರಿವಿನಿಂದ ಹಿಡಿತದಲ್ಲಿ ಇಟ್ಟುಕೊಳ್ಳುವುದೆಂದರೇನು! ಇದು ಗೊತ್ತಾದ ಮೇಲೆ ಆ ದೃಶ್ಯದ ಮಾಯೆ ಕರಗುತ್ತದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಇಮ್ಮಡಿಯಾಗುತ್ತದೆ.

ಹಾಗಲ್‌ನನ್ನು ಆಡಿಸಲು ಐವರು ಬೇಕಾಗಿದ್ದರು. ವೇಷದೊಳಗೆ ಶಾರಿ ವೈಸರ್ ಎಂಬ ಕಲಾವಿದೆ. ಮುಖದೊಳಗೆ ಹದಿನೆಂಟರಷ್ಟು ಪುಟ್ಟ ಮೋಟಾರುಗಳು. ದೂರದಲ್ಲಿ ನಿಂತು ರೇಡಿಯೋ ಮೂಲಕ ಹುಬ್ಬು, ಕೆನ್ನೆ, ತುಟಿಗಳನ್ನು ನಡೆಸಿದವರು ಇನ್ನೂ ನಾಲ್ವರು. ಅವರ ಮುಂದಾಳು ಹೆನ್ಸನ್ ಮಗ ಬ್ರಯಾನ್, ಧ್ವನಿಯೂ ಅವರದೇ. ಈ ಐವರ ಉಸಿರು ಒಂದಾದಾಗ ಮಾತ್ರ ಹಾಗಲ್ ಒಮ್ಮೆ ನಿಟ್ಟುಸಿರು ಬಿಡುತ್ತಾನೆ.

ಸಾರಾ ಬಾವಿಯಂಥ ಕಂದಕಕ್ಕೆ ಬೀಳುವ ದೃಶ್ಯವಂತೂ! ಗೋಡೆಯ ತುಂಬ ಕೈಗಳು, ನೂರಕ್ಕೂ ಹೆಚ್ಚು ಕೈಗಳು, ಅವಳನ್ನು ಹಿಡಿಯುತ್ತವೆ. ನಾಲ್ಕಾರು ಕೈಗಳು ಕೂಡಿಕೊಂಡು ಕಣ್ಣು, ಮೂಗು, ಬಾಯಿ ಆಗುತ್ತವೆ, ಮಾತಾಡುತ್ತವೆ. ರಬ್ಬರಿನ ಕೈಗಳ ನಡುವೆ ಗೋಡೆಯ ಹಿಂದೆ ನಿಂತ ನಿಜವಾದ ಮನುಷ್ಯರ ಕೈಗಳಿವೆ. ಬೆರಳು ಮಡಿಸಿದರೆ ಮುಖ, ಬಿಚ್ಚಿದರೆ ಕೈ. ಗೊಂಬೆಯಾಟವೆಂಬ ಕಲೆಯ ತಿರುಳನ್ನು ಇಷ್ಟು ಬೆತ್ತಲೆಯಾಗಿ ತೋರಿಸಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಚಿತ್ರವೆಂದರೆ ಇದೇ ಚಿತ್ರದ ಮೊದಲಲ್ಲಿ ಹಾರಿಬರುವ ಬಿಳಿ ಗೂಬೆ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದು. ನಿಜವೆನಿಸುವ ಪ್ರಾಣಿಯನ್ನು ಕಥಾಚಿತ್ರಕ್ಕಾಗಿ ಕಂಪ್ಯೂಟರ್‌ನಲ್ಲಿ ಮೂಡಿಸುವ ಮೊದಮೊದಲ ಯತ್ನಗಳಲ್ಲಿ ಅದೂ ಒಂದು. ಮುಂದಿನ ಕಾಲ ಬಾಗಿಲಲ್ಲೇ ಬಂದು ನಿಂತಿತ್ತು!

ಇನ್ನೊಂದು ಕಡೆ ಪಾಸ್ ಒತ್ತಲೇಬೇಕು, ಕೊನೆಯ ಹೆಸರುಗಳ ಪಟ್ಟಿಯಲ್ಲಿ. ಮಾರಿಸ್ ಸೆಂಡಾಕ್ ಅವರ ಕೃತಿಗಳ ಋಣವನ್ನು ಹೆನ್ಸನ್ ಅಲ್ಲಿ ಬಾಯಿಬಿಟ್ಟು ನೆನೆದಿದ್ದಾರೆ. ಗಾಬ್ಲಿನ್‌ಗಳು ಕದ್ದೊಯ್ದ ತಂಗಿಯನ್ನು ಅಕ್ಕ ಬಿಡಿಸಿ ತರುವ ಕಥೆಯನ್ನು ಸೆಂಡಾಕ್ 1981ರಲ್ಲೇ ಬರೆದಿದ್ದರು. ಆ ಪುಸ್ತಕವೂ ಸಾರಾಳ ಕೋಣೆಯಲ್ಲಿದೆ!

ತಮ್ಮನಾಗಿ ನಟಿಸಿದ ಕೂಸು ಟೋಬಿ, ಈ ಲೋಕವನ್ನೆಲ್ಲ ಚಿತ್ರಿಸಿಕೊಟ್ಟ ಕಲಾವಿದ ಬ್ರಯಾನ್ ಫ್ರೌಡ್ ಅವರ ಮಗ. ಗಾಬ್ಲಿನ್‌ಗಳ ನಡುವೆ ಬೆಚ್ಚಿ ಅತ್ತ ಆ ಮಗು ಬೆಳೆದು ಗೊಂಬೆಗಳನ್ನು ಮಾಡುವ ಕಲಾವಿದನೇ ಆದ. ಹೆನ್ಸನ್ ಅವರ ಇನ್ನೊಂದು ಚಿತ್ರ ‘ದಿ ಡಾರ್ಕ್ ಕ್ರಿಸ್ಟಲ್’ನ ಲೋಕವನ್ನು 2019ರಲ್ಲಿ ಸರಣಿಯಾಗಿ ಮತ್ತೆ ಕಟ್ಟಿದಾಗ ಅದರ ವಿನ್ಯಾಸದಲ್ಲೂ ದುಡಿದ.

ನಿಮ್ಮ ಮನೆಯಲ್ಲಿ ಎಂಟು-ಹತ್ತು ವರ್ಷದ ಮಕ್ಕಳಿದ್ದರೆ ಈ ಚಿತ್ರವನ್ನು ಜೊತೆಗೆ ಕೂತು ನೋಡಿ. ಮೊದಲ ಸಲ ಏನನ್ನೂ ಹೇಳಿಕೊಡಬೇಡಿ, ಪೂರ್ತಿ ನೋಡಲು ಬಿಡಿ. ಎರಡನೇ ಸಲ ರಿಮೋಟನ್ನು ಅವರ ಕೈಗೇ ಕೊಟ್ಟು, ಸಾಕ್ಷ್ಯಚಿತ್ರವನ್ನೂ ತಪ್ಪದೆ ತೋರಿಸಿ.