ಮಾತಾಡದ ಅಕ್ಷರಗಳು

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಾಡುವುವು ಉದ್ದುದ್ದ ಪದಗಳಲ್ಲ. ನಾಲ್ಕೈದು ಅಕ್ಷರಗಳ ಪುಟ್ಟ ಪದಗಳೇ. ಕನ್ನಡದಲ್ಲಿ ನಾವು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮೊಣಕಾಲಿಗೆ ‘ನೀ’ ಎನ್ನಬೇಕು. ಬರೆಯುವಾಗ ಮಾತ್ರ ‘ಎನ್’ಗಿಂತ ಮೊದಲು ಒಂದು ‘ಕೆ’ ಇರಲೇಬೇಕು. ಬರೆ ಎಂಬುದಕ್ಕೆ ‘ರೈಟ್’ ಎನ್ನಬೇಕು. ಬರೆಯುವಾಗ ‘ಆರ್’ಗಿಂತ ಮೊದಲು ಒಂದು ‘ಡಬ್ಲ್ಯು’ ಬೇಕು. ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ ಎಂದು ಮಕ್ಕಳು ಕೇಳಿದರೆ, “ಅದು ಹಾಗೆಯೇ, ಬಾಯಿಪಾಠ ಮಾಡು” ಎಂಬ ಉತ್ತರ ಸಿಗುವುದುಂಟು. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರವಿದೆ. ಅದನ್ನು ತಿಳಿದುಕೊಂಡರೆ ಬಾಯಿಪಾಠದ ಹೊರೆಯೂ ಅರ್ಧ ಇಳಿಯುತ್ತದೆ.

ಈ ಅಕ್ಷರಗಳು ಹುಟ್ಟು ಮೂಕರಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷರು ಇಂತಹ ಪದಗಳನ್ನು ‘ಕ್ನ’ ಎಂಬ ಒತ್ತಕ್ಷರದಿಂದಲೇ ಆರಂಭಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದಾಗಲೂ ಆ ‘ಕೆ’ ಜನರ ಬಾಯಲ್ಲಿತ್ತು. ಅಂದಿನಿಂದ ಅಚ್ಚಾದ ಪುಸ್ತಕಗಳು ಕಾಗುಣಿತವನ್ನು ಮೆಲ್ಲಮೆಲ್ಲನೆ ಸ್ಥಿರಗೊಳಿಸಿದುವು. ಹದಿನೇಳನೆಯ ಶತಮಾನದಲ್ಲಿ ಜನರ ಉಚ್ಚಾರದಿಂದ ಆ ಧ್ವನಿ ಜಾರಿಹೋಯಿತು. ಆದರೆ ಬಾಯಿ ಬಿಟ್ಟದ್ದನ್ನು ಪುಸ್ತಕ ಬಿಡಲಿಲ್ಲ. ಇಂಗ್ಲಿಷಿನ ಸೋದರಭಾಷೆಯಾದ ಜರ್ಮನ್ ಆ ಧ್ವನಿಯನ್ನು ಇನ್ನೂ ಉಳಿಸಿಕೊಂಡಿದೆ. 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರು ಜರ್ಮನಿಯವರು. ಅವರ ನಾಡಿನಲ್ಲಿ ಇಂದಿಗೂ ಮೊಣಕಾಲಿಗೆ ‘ಕ್ನೀ’ ಎಂದೇ ಹೇಳುತ್ತಾರೆ.

ನಮ್ಮ ಭಾಷೆಯಲ್ಲಿಯೂ ಹೀಗೆ ಧ್ವನಿಗಳು ಮರೆಯಾಗಿವೆ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಮೞೆ, ಕೋೞಿ, ಪುೞು ಎಂದು ಬರೆಯುತ್ತಿದ್ದರು. ಆ ಧ್ವನಿ ಬಳಕೆಯಿಂದ ಜಾರುತ್ತಿದ್ದಾಗ, ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವುಳ್ಳ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಅಂದರೆ ಕಾಗುಣಿತದ ಕಷ್ಟ ಕನ್ನಡಿಗರಿಗೂ ಹೊಸದಲ್ಲ! ಕೊನೆಗೆ ನಾವು ಧ್ವನಿಯೊಡನೆ ಅಕ್ಷರವನ್ನೂ ಬಿಟ್ಟೆವು. ಮಳೆ, ಕೋಳಿ, ಹುಳು ಎಂದು ಬರೆದೆವು. ಕಾಸರಗೋಡಿನ ನಾವು ಆ ಹಳೆಯ ಧ್ವನಿಯನ್ನು ಮಲಯಾಳದ ಮೞ, ಕೋೞಿ, ಪುೞು ಎಂಬ ಪದಗಳಲ್ಲಿ ಈಗಲೂ ಕೇಳಬಹುದು. ಕನ್ನಡ ಧ್ವನಿಯನ್ನೂ ಅಕ್ಷರವನ್ನೂ ಬಿಟ್ಟಿತು. ಮಲಯಾಳ ಎರಡನ್ನೂ ಉಳಿಸಿತು. ಇಂಗ್ಲಿಷ್ ಧ್ವನಿಯನ್ನು ಬಿಟ್ಟು ಅಕ್ಷರವನ್ನು ಉಳಿಸಿತು. ವ್ಯತ್ಯಾಸ ಇಷ್ಟೇ.

ಇನ್ನು ಆ ಪದಗಳ ಅರ್ಥವನ್ನು ನೋಡೋಣ. ‘ಕೆ, ಎನ್’ ಜೋಡಿಯಿಂದ ಆರಂಭವಾಗುವ ಕೆಲವು ಪದಗಳಿವು:

ನೀ – ಮೊಣಕಾಲು
ನಕಲ್ – ಬೆರಳಿನ ಗೆಣ್ಣು
ನಾಟ್ – ಗಂಟು
ನಾಬ್ – ಬಾಗಿಲಿನ ಗುಂಡಗಿನ ಹಿಡಿ
ನೋಲ್ – ಸಣ್ಣ ದಿಬ್ಬ

ಗಂಟು, ಗೆಣ್ಣು, ಗುಂಡು, ದಿಬ್ಬ – ಎಲ್ಲವೂ ಉಬ್ಬಿಕೊಂಡಿರುವ ವಸ್ತುಗಳೇ! ಇವೆಲ್ಲ ಒಂದೇ ಧಾತುವಿನಿಂದ ಬಂದವೆಂದು ಹೇಳಲಾಗದಿದ್ದರೂ ಅರ್ಥದಲ್ಲಿ ನೆಂಟರಂತಿವೆ. ‘ನಿಟ್’ ಎಂದರೆ ಹೆಣೆ. ಮೊದಲು ಅದರ ಅರ್ಥ ಗಂಟು ಹಾಕು ಎಂದೇ ಇತ್ತು. ನೈಫ್ (ಚಾಕು), ನಾಕ್ (ತಟ್ಟು), ನೀಡ್ (ಹಿಟ್ಟು ನಾದು), ನೋ (ತಿಳಿ) ಇವೂ ಇದೇ ಜೋಡಿಯವು.

ಇವುಗಳಲ್ಲಿ ಎರಡು ಪದಗಳ ಚರಿತ್ರೆ ಸ್ವಾರಸ್ಯವಾದುದು. ‘ನೈಟ್’ ಎಂದರೆ ಕುದುರೆಯೇರಿದ ವೀರ. ‘ನೇವ್’ ಎಂದರೆ ಠಕ್ಕ. ಹಳೆಯ ಇಂಗ್ಲಿಷಿನಲ್ಲಿ ಎರಡಕ್ಕೂ ಹುಡುಗ ಎಂಬ ಒಂದೇ ಅರ್ಥ. ಒಬ್ಬ ಹುಡುಗ ಅರಸನ ಸೇವೆಗೆ ನಿಂತು ವೀರನೆನಿಸಿದ; ಇನ್ನೊಬ್ಬ ಆಳಾಗಿ, ಬರಬರುತ್ತಾ ಠಕ್ಕನೆಂಬ ಹೆಸರು ಹೊತ್ತ. ಇಸ್ಪೀಟಿನಲ್ಲಿ ನಾವು ಗುಲಾಮ ಎನ್ನುವ ಎಲೆಗೆ ಇಂಗ್ಲಿಷಿನ ಹಳೆಯ ಹೆಸರು ‘ನೇವ್’ ಎಂದೇ. ಮನುಷ್ಯರಂತೆ ಪದಗಳಿಗೂ ಏಳುಬೀಳುಗಳಿವೆ.

‘ಡಬ್ಲ್ಯು, ಆರ್’ ಜೋಡಿಯ ಅನೇಕ ಪದಗಳಲ್ಲಿ ತಿರುಚುವ, ಸುತ್ತುವ ಭಾವವಿದೆ:

ರಿಂಗ್ – ಬಟ್ಟೆ ಹಿಂಡು
ರಿಸ್ಟ್ – ತಿರುಗುವ ಮಣಿಕಟ್ಟು
ರೆಂಚ್ – ಬಲವಾಗಿ ತಿರುಚು
ರಿಂಕಲ್ – ಸುಕ್ಕು
ರೀತ್ – ಸುತ್ತಿ ಕಟ್ಟಿದ ಹೂಗಳ ಚಕ್ರ

‘ರಾಂಗ್’ ಎಂದರೆ ತಪ್ಪು. ಅದರ ಮೂಲಾರ್ಥ ಸೊಟ್ಟ ಎಂದು. ಸರಿ ಎಂಬ ಅರ್ಥದ ‘ರೈಟ್’ ಪದಕ್ಕೆ ಮೂಲದಲ್ಲಿ ನೇರ ಎಂಬ ಅರ್ಥ. ಅದಕ್ಕೆ ‘ಡಬ್ಲ್ಯು’ ಇಲ್ಲ. ನಾವೂ ನೇರ ನಡೆ, ಸೊಟ್ಟ ದಾರಿ ಎನ್ನುವುದಿಲ್ಲವೆ? ಬರೆ ಎಂಬ ಅರ್ಥದ ‘ರೈಟ್’ ಪದಕ್ಕೆ ಮೊದಲು ಗೀರು, ಕೊರೆ ಎಂಬ ಅರ್ಥವಿತ್ತು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಮಾತಾಡದಿದ್ದರೂ ಈ ಅಕ್ಷರಗಳು ಕೆಲಸ ಮಾಡುತ್ತಿವೆ. ‘ನೋ’ ಎಂದರೆ ಇಲ್ಲ. ‘ಕೆ’ ಬಂದು, ಕೊನೆಗೊಂದು ‘ಡಬ್ಲ್ಯು’ ಸೇರಿದರೆ ತಿಳಿ. ‘ನೈಟ್’ ಎಂದರೆ ರಾತ್ರಿ. ‘ಕೆ’ ಸೇರಿದರೆ ವೀರ. ‘ರಿಂಗ್’ ಎಂದರೆ ಉಂಗುರ. ‘ಡಬ್ಲ್ಯು’ ಸೇರಿದರೆ ಹಿಂಡು. ಕಿವಿಗೆ ಒಂದೇ ಆಗಿ ಕೇಳುವುದನ್ನು ಕಣ್ಣಿಗೆ ಬೇರೆಯಾಗಿ ತೋರಿಸುವುದು ಆ ಮೂಕ ಅಕ್ಷರವೇ. ಪರೀಕ್ಷೆಯಲ್ಲಿ ಅದನ್ನು ಬಿಟ್ಟರೆ ‘ತಿಳಿದಿದೆ’ ಎಂದು ಬರೆಯಹೊರಟವರು ‘ಈಗ’ ಎಂದು ಬರೆದುಬಿಡುವ ಅಪಾಯವಿದೆ. ಏಕೆಂದರೆ ‘ನೋ’ ಪದದ ‘ಕೆ’ ತೆಗೆದರೆ ಉಳಿಯುವುದು ‘ನೌ’.

ಆದುದರಿಂದ ವಿದ್ಯಾರ್ಥಿಗಳು ಇಂತಹ ಪದಗಳನ್ನು ಒಂದೊಂದಾಗಿ ಉರುಹೊಡೆಯದೆ, ಅಕ್ಷರಗಳ ಜೋಡಿಯಂತೆ ಗುಂಪು ಮಾಡಿ, ಎದುರಿಗೆ ಕನ್ನಡದ ಅರ್ಥವನ್ನು ಬರೆದುಕೊಳ್ಳುವುದು ಒಳ್ಳೆಯದು. ದಿನಕ್ಕೆ ಐದು ಪದಗಳು ಸಾಕು. ಪದದ ಮೊದಲಲ್ಲಿ ‘ಎನ್’ಗೆ ಮುಂಚಿನ ‘ಕೆ’ ಮತ್ತು ‘ಆರ್’ಗೆ ಮುಂಚಿನ ‘ಡಬ್ಲ್ಯು’ ಇಂದಿನ ಇಂಗ್ಲಿಷಿನಲ್ಲಿ ನುಡಿಯುವುದಿಲ್ಲವೆಂಬ ನಿಯಮವನ್ನು ಒಮ್ಮೆ ತಿಳಿದರೆ ಓದುವಾಗಲೂ ತಡವರಿಸಬೇಕಾಗಿಲ್ಲ.

ಹೆತ್ತವರಲ್ಲಿಯೂ ಒಂದು ಮಾತು. ತಮಗೆ ಇಂಗ್ಲಿಷ್ ಬಾರದು, ಮಗುವಿಗೆ ಹೇಳಿಕೊಡಲಾರೆವು ಎಂದು ಅನೇಕರು ಸಂಕೋಚಪಡುತ್ತಾರೆ. ಸಂಜೆ ಮಗುವಿನ ಪುಸ್ತಕವನ್ನು ಕೈಗೆತ್ತಿಕೊಂಡು “ಗಂಟಿಗೆ ಏನೆನ್ನುತ್ತಾರೆ? ಮಣಿಕಟ್ಟಿಗೆ ಏನೆನ್ನುತ್ತಾರೆ? ಬರೆದು ತೋರಿಸು” ಎಂದು ಕೇಳಲು ಇಂಗ್ಲಿಷ್ ಬೇಕಾಗಿಲ್ಲ, ಕನ್ನಡ ಸಾಕು. ಮನೆಯ ಮಾತಿನಲ್ಲಿ ಅರ್ಥ ಗಟ್ಟಿಯಾದ ಪದವನ್ನು ಮಗು ಬೇಗ ಮರೆಯುವುದಿಲ್ಲ. ಕನ್ನಡದಲ್ಲಿ ಕಲಿಯುವುದು ಇಂಗ್ಲಿಷಿಗೆ ಅಡ್ಡಿಯಲ್ಲ; ಅದೇ ಅದರ ಮೆಟ್ಟಿಲು.