ಕಡತದ ಅಂಚಿನಲ್ಲಿ ಬರೆದ ಪ್ರಶ್ನೆ

1991ರ ಬೇಸಿಗೆಯಲ್ಲಿ ನನ್ನ ಮೇಜಿಗೆ ಬಂದ ಒಂದು ಕಡತ ಇಂದಿಗೂ ನನ್ನ ನೆನಪಿನಲ್ಲಿದೆ. ವಿಶ್ವವಿದ್ಯಾಲಯವೊಂದರ ಜೀವರಸಾಯನ ವಿಭಾಗವು ವಿದೇಶದಿಂದ ತರಿಸಬೇಕಾಗಿದ್ದ ಉಪಕರಣವೊಂದಕ್ಕೆ ಅನುದಾನ ಕೋರಿತ್ತು. ಉದ್ದೇಶ ಎಂಬ ಶೀರ್ಷಿಕೆಯಡಿ ‘ಪ್ರೋಟೀನುಗಳ ಪ್ರತಿದೀಪ್ತಿಯ ಅಧ್ಯಯನ’ ಎಂದಷ್ಟೇ ಬರೆದಿತ್ತು. ದೇಶದ ವಿದೇಶಿ ವಿನಿಮಯ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಕುಸಿದಿದ್ದ ಕಾಲ ಅದು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಸರ್ಕಾರಿ ಸೇವೆಗೆ ಸೇರಿದ್ದ ನಾನು, ಬೊಕ್ಕಸವನ್ನು ಕಾಯುವುದೇ ನನ್ನ ಮೊದಲ ಧರ್ಮವೆಂದು ನಂಬಿದ್ದೆ. ಕಡತದ ಅಂಚಿನಲ್ಲಿ ‘ತಕ್ಷಣದ ಉಪಯೋಗವೇನು?’ ಎಂದು ಬರೆದು ಹಿಂದಿರುಗಿಸಿದೆ. ಅದು ಮರಳಿ ಬರಲಿಲ್ಲ.

ಮೂರು ವರ್ಷಗಳ ನಂತರ ನನ್ನ ತಾಯಿಗೆ ಮೂರ್ಛೆರೋಗ ಕಾಣಿಸಿಕೊಂಡಿತು. ವೈದ್ಯರು ಫೆನಿಟಾಯಿನ್ ಎಂಬ ಔಷಧಿ ಕೊಟ್ಟರು. ಮೂರ್ಛೆ ಪೂರ್ಣ ನಿಲ್ಲದಿದ್ದಾಗ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿದರು. ಕೆಲವೇ ದಿನಗಳಲ್ಲಿ ತಾಯಿ ತೂರಾಡುತ್ತ ನಡೆಯತೊಡಗಿದರು, ಮಾತು ತೊದಲಿತು, ಎದುರಿಗಿದ್ದ ಒಂದು ವಸ್ತು ಎರಡಾಗಿ ಕಾಣುತ್ತಿದೆ ಎಂದರು. ರೋಗವೇ ಉಲ್ಬಣಿಸಿತೆಂದು ನಾವೆಲ್ಲ ಹೆದರಿದೆವು. ವೈದ್ಯರು ಮಾತ್ರ ರಕ್ತದಲ್ಲಿರುವ ಔಷಧಿಯ ಮಟ್ಟವನ್ನು ಅಳೆಸಿದರು. ಅದು ಮಿತಿಯನ್ನು ಮೀರಿತ್ತು. ಈ ಔಷಧಿಯ ಮಟ್ಟವು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂಗಳ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ಅದನ್ನು ಕರಗಿಸುವ ಯಕೃತ್ತಿನ ಸಾಮರ್ಥ್ಯಕ್ಕೆ ಒಂದು ಮಿತಿ ಇರುವುದರಿಂದ, ಆ ಮಿತಿಯ ಬಳಿ ಪ್ರಮಾಣವನ್ನು ತುಸುವೇ ಹೆಚ್ಚಿಸಿದರೂ ರಕ್ತದಲ್ಲಿನ ಮಟ್ಟವು ಕಡಿದಾಗಿ ಏರಿಬಿಡುತ್ತದೆ. ಊಹೆಯಿಂದ ನಿರ್ಧರಿಸುವ ವಿಷಯವಲ್ಲ ಅದು, ಅಳೆದೇ ತಿಳಿಯಬೇಕು.

ಪ್ರಮಾಣ ಇಳಿಸಿದ ಮೇಲೆ ತಾಯಿ ಚೇತರಿಸಿಕೊಂಡರು. ಕೃತಜ್ಞತೆಯಿಂದಲೋ ಕುತೂಹಲದಿಂದಲೋ, ಇಷ್ಟು ಸೂಕ್ಷ್ಮವಾಗಿ ಹೇಗೆ ಅಳೆಯುತ್ತೀರಿ ಎಂದು ಪ್ರಯೋಗಾಲಯದ ತಂತ್ರಜ್ಞರನ್ನು ಕೇಳಿದೆ. ‘ಪ್ರತಿದೀಪ್ತಿಯ ಧ್ರುವೀಕರಣದಿಂದ’ ಎಂದರು. ಮೂರು ವರ್ಷಗಳ ಹಿಂದೆ ನಾನು ಹಿಂದಿರುಗಿಸಿದ ಕಡತದ ಶಬ್ದವದು. ಆ ಶಬ್ದದ ಹಿಂದೆ ಯಾರಿದ್ದಾರೆಂದು ತಿಳಿಯಲು ನನಗೆ ಇನ್ನೂ ಬಹಳ ವರ್ಷಗಳು ಬೇಕಾದವು. ನಿವೃತ್ತಿಯ ಬಿಡುವಿನಲ್ಲಿ ಓದುತ್ತ ಹೋದಂತೆ ಗ್ರೆಗೋರಿಯೊ ವೆಬರ್ ಎಂಬ ಹೆಸರು ಮತ್ತೆ ಮತ್ತೆ ಎದುರಾಯಿತು.

ವೆಬರ್ ಹುಟ್ಟಿದ್ದು 1916ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿಯೇ ವೈದ್ಯಶಾಸ್ತ್ರ ಓದಿ, ಮುಂದೆ 1947ರಲ್ಲಿ ನೊಬೆಲ್ ಪಡೆದ ಬರ್ನಾರ್ಡೊ ಹೌಸೆಯವರ ಬಳಿ ಸಹಾಯಕರಾಗಿದ್ದರು. ಹೌಸೆ ಪ್ರಜಾಪ್ರಭುತ್ವದ ಪರವಾದ ಮನವಿಯೊಂದಕ್ಕೆ ಸಹಿ ಹಾಕಿದ್ದಕ್ಕಾಗಿ 1943ರಲ್ಲಿ ಅಲ್ಲಿನ ಸೈನಿಕ ಸರ್ಕಾರವು ಅವರನ್ನು ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದುಹಾಕಿತು. ವೆಬರ್ ಬ್ರಿಟಿಷ್ ಕೌನ್ಸಿಲಿನ ವಿದ್ಯಾರ್ಥಿವೇತನದ ಮೇಲೆ, ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಕೇಂಬ್ರಿಜ್ ಸೇರಿದರು. ಅಲ್ಲಿ ಕಿಣ್ವಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಮಾಲ್ಕಮ್ ಡಿಕ್ಸನ್ ಅವರ ಮಾರ್ಗದರ್ಶನದಲ್ಲಿ ರೈಬೋಫ್ಲೇವಿನ್ ಮತ್ತು ಅದಕ್ಕೆ ಸಂಬಂಧಿಸಿದ ವಸ್ತುಗಳ ಪ್ರತಿದೀಪ್ತಿಯ ಮೇಲೆ ಪ್ರಬಂಧ ಬರೆದು 1947ರಲ್ಲಿ ಪಿಎಚ್.ಡಿ. ಪಡೆದರು. ರೈಬೋಫ್ಲೇವಿನ್ ಎಂದರೆ ನಮ್ಮ ಹಾಲಿನಲ್ಲಿರುವ ಬಿ2 ಜೀವಸತ್ವವೇ.

ಪ್ರತಿದೀಪ್ತಿಯೆಂದರೇನು? ಕೆಲವು ಅಣುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿ, ಕೆಲವು ನ್ಯಾನೊಸೆಕೆಂಡುಗಳ ಕಾಲ, ಅಂದರೆ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವು ಭಾಗಗಳಷ್ಟು ಹೊತ್ತು ಇಟ್ಟುಕೊಂಡು, ಬಳಿಕ ಬೇರೊಂದು ಬಣ್ಣದಲ್ಲಿ ಹಿಂದಿರುಗಿಸುತ್ತವೆ. ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕೃತವಾದ ಬೆಳಕನ್ನು ಅವುಗಳ ಮೇಲೆ ಹಾಯಿಸಿದೆವೆನ್ನಿ. ಬೆಳಕನ್ನು ಹಿಂದಿರುಗಿಸುವ ಮೊದಲೇ ಅಣು ಗಿರಕಿ ಹೊಡೆದಿದ್ದರೆ ಬೆಳಕು ತನ್ನ ದಿಕ್ಕನ್ನು ಮರೆತಿರುತ್ತದೆ. ಅಣು ಹೆಚ್ಚು ತಿರುಗದಿದ್ದರೆ ದಿಕ್ಕು ಉಳಿದಿರುತ್ತದೆ. ಜಾತ್ರೆಯ ಇರುಳಿನಲ್ಲಿ ಹುಡುಗನೊಬ್ಬ ದೀಪ ಹಿಡಿದು ಓಡಾಡಿದರೆ ಬೆಳಕು ಕ್ಷಣಕ್ಕೊಂದು ಕಡೆ ತಿರುಗುತ್ತದೆ. ಅದೇ ದೀಪವನ್ನು ತೇರಿಗೆ ಕಟ್ಟಿದರೆ ತೇರು ತಿರುಗಿದಷ್ಟು ನಿಧಾನವಾಗಿಯೇ ಅದೂ ತಿರುಗುತ್ತದೆ. ಹೀಗಾಗಿ ಬೆಳಕನ್ನು ನೋಡಿಯೇ ಅಣುವಿನ ಗಾತ್ರವನ್ನೂ, ಅದು ಒಂಟಿಯಾಗಿದೆಯೋ ಮತ್ತೊಂದಕ್ಕೆ ಅಂಟಿಕೊಂಡಿದೆಯೋ ಎಂಬುದನ್ನೂ ಹೇಳಬಹುದು.

ಈ ತತ್ವವನ್ನು ಫ್ರಾನ್ಸಿನ ಪೆರಿನ್ 1926ರಲ್ಲಿಯೇ ವಿವರಿಸಿದ್ದರು. ನಮ್ಮ ಸಿ.ವಿ. ರಾಮನ್ ಅವರೂ 1928ರಲ್ಲಿ ತಾವು ಕಂಡದ್ದು ಕ್ಷೀಣವಾದ ಪ್ರತಿದೀಪ್ತಿಯಲ್ಲ, ಹೊಸ ಬಗೆಯ ಚದುರುವಿಕೆ ಎಂದು ನಿಶ್ಚಯಿಸಿಕೊಳ್ಳಲು ಆಶ್ರಯಿಸಿದ್ದು ಧ್ರುವೀಕರಣದ ಪರೀಕ್ಷೆಯನ್ನೇ. ಆದರೆ ಅದನ್ನು ಪ್ರೋಟೀನುಗಳ ಅಧ್ಯಯನಕ್ಕೆ ಸಮರ್ಥವಾಗಿ ಒಗ್ಗಿಸಿದವರು ವೆಬರ್. ಅದಕ್ಕೆ ಬೇಕಾದ ಉಪಕರಣ ಮಾರುಕಟ್ಟೆಯಲ್ಲಿರಲಿಲ್ಲ, ತಾವೇ ಕಟ್ಟಿಕೊಂಡರು. ಪ್ರೋಟೀನಿಗೆ ಅಂಟಿಕೊಂಡು, ಅದು ತಿರುಗುವುದನ್ನು ಕಾಣುವಷ್ಟು ಹೊತ್ತು ಬೆಳಕನ್ನು ಹಿಡಿದಿಡುವ ಬಣ್ಣವೂ ಬೇಕಿತ್ತು. ಡ್ಯಾನ್ಸಿಲ್ ಕ್ಲೋರೈಡ್ ಎಂಬ ಸಂಯುಕ್ತವನ್ನು ಸಿದ್ಧಪಡಿಸಿದರು. ಸಿದ್ಧಾಂತ ಮತ್ತು ಪ್ರಯೋಗಗಳನ್ನು ವಿವರಿಸುವ ಅವರ ಎರಡು ಲೇಖನಗಳು 1952ರಲ್ಲಿ ಪ್ರಕಟವಾದವು. ಮರುವರ್ಷ ಹ್ಯಾನ್ಸ್ ಕ್ರೆಬ್ಸ್ ಅವರ ಆಹ್ವಾನದ ಮೇರೆಗೆ ಶೆಫೀಲ್ಡಿಗೆ ಹೋದರು. 1957ರಲ್ಲಿ ಟೀಲ್ ಎಂಬ ಸಹೋದ್ಯೋಗಿಯೊಡನೆ, ಟ್ರಿಪ್ಟೊಫ್ಯಾನ್ ಮೊದಲಾದ ಅಮೈನೊ ಆಮ್ಲಗಳ ಸ್ವಂತ ಪ್ರತಿದೀಪ್ತಿಯ ರೋಹಿತಗಳನ್ನು ದಾಖಲಿಸಿದರು. 1962ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸೇರಿ ಅಲ್ಲಿಯೇ ನೆಲೆಸಿದರು.

ಎಕ್ಸ್-ಕಿರಣಗಳ ಚಿತ್ರಗಳಲ್ಲಿ ಪ್ರೋಟೀನುಗಳು ಕಲ್ಲಿನಲ್ಲಿ ಕಡೆದ ಮೂರ್ತಿಗಳಂತೆ ನಿಶ್ಚಲವಾಗಿ ಕಾಣುತ್ತಿದ್ದ ದಿನಗಳವು. ವೆಬರ್ ಮತ್ತು ಅವರ ವಿದ್ಯಾರ್ಥಿ ಲಕೋವಿಚ್ 1973ರಲ್ಲಿ, ನೀರಿನಲ್ಲಿ ಕರಗಿದ ಆಮ್ಲಜನಕವು ಪ್ರೋಟೀನಿನ ಒಳಭಾಗಕ್ಕೂ ನುಗ್ಗಿ ಅಲ್ಲಿನ ಪ್ರತಿದೀಪ್ತಿಯನ್ನು ತಗ್ಗಿಸುತ್ತದೆಂದು ತೋರಿಸಿದರು. ಒಳಗೆ ದಾರಿ ತೆರೆದು ಮುಚ್ಚುವಂತಹ ಚಲನೆ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಪ್ರೋಟೀನು ಶಿಲ್ಪವಲ್ಲ, ಕೈಕಾಲು ಬಡಿಯುವ ಮಗುವಿನಂತೆ ಸದಾ ಚಡಪಡಿಸುವ ಅಣು ಎಂಬ ಇಂದಿನ ತಿಳಿವಳಿಕೆಗೆ ಅವರ ಕೆಲಸವೂ ಒಂದು ಬುನಾದಿ. ಅವರು ತೀರಿಕೊಂಡದ್ದು 1997ರಲ್ಲಿ. ನೊಬೆಲ್ ಬರಲಿಲ್ಲ.

ನನ್ನ ತಾಯಿಯ ರಕ್ತಪರೀಕ್ಷೆಯ ಗುಟ್ಟು ಈಗ ಸುಲಭವಾಗಿ ತಿಳಿಯುತ್ತದೆ. ಬಣ್ಣ ಹಚ್ಚಿದ ಔಷಧಿಯ ಅಣುಗಳನ್ನೂ, ಆ ಔಷಧಿಯನ್ನು ಹಿಡಿಯಬಲ್ಲ ಪ್ರತಿಕಾಯಗಳನ್ನೂ ರೋಗಿಯ ರಕ್ತದ ಸೀರಮ್ಮಿಗೆ ಬೆರೆಸುತ್ತಾರೆ. ಪ್ರತಿಕಾಯವೇ ಇಲ್ಲಿನ ತೇರು. ರಕ್ತದಲ್ಲಿ ಔಷಧಿ ಹೆಚ್ಚಿದ್ದರೆ ತೇರಿನ ಜಾಗವನ್ನೆಲ್ಲ ಅದೇ ಆಕ್ರಮಿಸಿ, ಬಣ್ಣದ ಅಣುಗಳು ಹೊರಗುಳಿದು ವೇಗವಾಗಿ ಗಿರಕಿ ಹೊಡೆಯುತ್ತವೆ. ಕಡಿಮೆಯಿದ್ದರೆ ಅವು ತೇರನ್ನೇರಿ ನಿಧಾನವಾಗುತ್ತವೆ. ಈ ವಿಧಾನವನ್ನು ರೂಪಿಸುವಲ್ಲಿ ವಾಲ್ಟರ್ ಡ್ಯಾಂಡ್ಲಿಕರ್ ಮೊದಲಾದವರ ಶ್ರಮವಿದೆ. ಆಸ್ಪತ್ರೆಗಳಲ್ಲಿ ಬಳಸಬಹುದಾದ ಯಂತ್ರ ಮಾರುಕಟ್ಟೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ, ವೆಬರ್ ಅವರ ಲೇಖನಗಳು ಪ್ರಕಟವಾಗಿ ಸುಮಾರು 30 ವರ್ಷಗಳಾದ ಮೇಲೆ. ಪ್ರತಿದೀಪ್ತಿಯ ಉಪಯೋಗ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಕೊರೊನಾ ಸೋಂಕನ್ನು ಪತ್ತೆಹಚ್ಚಿದ ಆರ್‌ಟಿ-ಪಿಸಿಆರ್ ಪರೀಕ್ಷೆ ವೆಬರ್ ಅವರ ಕೊಡುಗೆಯಲ್ಲ. ಆದರೂ ಅದು ಓದುತ್ತಿದ್ದುದು ಪ್ರತಿದೀಪ್ತಿಯ ಬೆಳಕನ್ನೇ.

1952ರಲ್ಲಿ ಯಾರಾದರೂ ವೆಬರ್ ಅವರನ್ನು ‘ತಕ್ಷಣದ ಉಪಯೋಗವೇನು?’ ಎಂದು ಕೇಳಿದ್ದರೆ ಅವರು ಏನು ಹೇಳಬಹುದಿತ್ತು? ಮೂರ್ಛೆರೋಗದ ತಾಯಂದಿರ ಬಗ್ಗೆ ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಪ್ರಾಮಾಣಿಕರಾಗಿದ್ದರೆ ‘ಗೊತ್ತಿಲ್ಲ’ ಎನ್ನಬೇಕಿತ್ತು. ನಮ್ಮ ಕಚೇರಿಗಳಲ್ಲಿ ಆ ಉತ್ತರಕ್ಕೆ ಅನುದಾನ ಸಿಗುವುದಿಲ್ಲ. ಆದ್ದರಿಂದಲೇ ನಮ್ಮ ಸಂಶೋಧಕರು ಇಲ್ಲದ ಉಪಯೋಗಗಳನ್ನು ಪ್ರಸ್ತಾವಗಳಲ್ಲಿ ಹೆಣೆಯುವುದನ್ನು ಕಲಿತರು. ಅವರನ್ನು ಹಾಗೆ ಬರೆಯುವಂತೆ ಮಾಡಿದವರು ನನ್ನಂಥ ಅಧಿಕಾರಿಗಳೇ.

ಹಾಗಾದರೆ ಬಂದ ಪ್ರಸ್ತಾವಗಳಿಗೆಲ್ಲ ಕಣ್ಣುಮುಚ್ಚಿ ಹಣ ಕೊಡಬೇಕೆ? ಖಂಡಿತ ಇಲ್ಲ. ಬೊಕ್ಕಸ ಸಾರ್ವಜನಿಕರದು, ಒಂದು ಉಪಕರಣಕ್ಕೆ ಕೊಟ್ಟ ಹಣ ಒಂದು ಆರೋಗ್ಯ ಕೇಂದ್ರಕ್ಕೆ ಸಿಗಲಾರದು ಎಂಬ ಅರ್ಥಶಾಸ್ತ್ರದ ಪಾಠವನ್ನು ನಾನು ಮರೆತಿಲ್ಲ. ಆದರೆ ಅದೇ ಅರ್ಥಶಾಸ್ತ್ರವು ಮತ್ತೊಂದು ಪಾಠವನ್ನೂ ಹೇಳುತ್ತದೆ: ಯಾವ ಜ್ಞಾನದ ಫಲ ಎಲ್ಲರಿಗೂ ಹಂಚಿಹೋಗುತ್ತದೆಯೋ ಅದರ ಮೇಲೆ ಮಾರುಕಟ್ಟೆ ತಾನಾಗಿ ಸಾಕಷ್ಟು ಹಣ ಹೂಡುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದುದು ಸರ್ಕಾರ ಮತ್ತು ದಾನದತ್ತಿಗಳು. ಕೇಂಬ್ರಿಜ್‌ನಲ್ಲಿ 1948ರಿಂದ 1952ರವರೆಗೆ ವೆಬರ್ ಅವರನ್ನು ಪೋಷಿಸಿದ್ದು ಬೀಟ್ ಸ್ಮಾರಕ ನಿಧಿಯ ಫೆಲೋಶಿಪ್. ಅಂತಹ ಫೆಲೋಶಿಪ್ ಹಣ ಹೂಡುವುದು ಯೋಜನೆಯ ಮೇಲಲ್ಲ, ವ್ಯಕ್ತಿಯ ಮೇಲೆ.

ಭಾರತವು ಸಂಶೋಧನೆಗೆ ಮಾಡುವ ಒಟ್ಟು ವೆಚ್ಚ 2020-21ರಲ್ಲಿ ಆಂತರಿಕ ಉತ್ಪನ್ನದ ಶೇ 0.64ರಷ್ಟಿತ್ತು. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಯಿತು. ಐದು ವರ್ಷಗಳಿಗೆ ₹50,000 ಕೋಟಿಯ ಗುರಿ ಹೇಳಲಾಯಿತು. ಅದರ ದೊಡ್ಡ ಪಾಲು ಉದ್ಯಮಗಳೂ ಸೇರಿದಂತೆ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಎಣಿಕೆ. ಉದ್ಯಮಗಳ ಹಣ ಸ್ವಾಗತಾರ್ಹ. ಆದರೆ ಉದ್ಯಮವು ‘ತಕ್ಷಣದ ಉಪಯೋಗವೇನು?’ ಎಂದು ಕೇಳಿಯೇ ಕೇಳುತ್ತದೆ. ಹಾಗೆ ಕೇಳುವುದು ಅದರ ಧರ್ಮ. ಸರ್ಕಾರವೂ ಅದನ್ನೇ ಕೇಳಿದರೆ, ಉಪಯೋಗ ಇನ್ನೂ ತಿಳಿಯದ ಪ್ರಶ್ನೆಗಳಿಗೆ ಹಣ ಕೊಡುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ಇಂತಹ ನಿಧಿಗಳ ಒಂದು ಸಣ್ಣ ಪಾಲನ್ನಾದರೂ ರಾಜ್ಯ ವಿಶ್ವವಿದ್ಯಾಲಯಗಳ ಯುವ ಅಧ್ಯಾಪಕರಿಗೆ ಮೀಸಲಿಡಬೇಕು. ಅಲ್ಲಿ ಮೂರು ಪ್ರಶ್ನೆಗಳು ಸಾಕು: ಕೇಳಹೊರಟಿರುವ ಪ್ರಶ್ನೆ ಸ್ಪಷ್ಟವಾಗಿದೆಯೇ? ಕೇಳುವ ವ್ಯಕ್ತಿಗೆ ಸಾಮರ್ಥ್ಯವಿದೆಯೇ? ಕೊಟ್ಟ ಹಣಕ್ಕೆ ಲೆಕ್ಕ ಸಿಗುತ್ತದೆಯೇ?

ಆ ಮೂರು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಅಂದು ಕೇಳಲಿಲ್ಲ. ಕಡತವನ್ನು ಹಿಂದಿರುಗಿಸಿದ್ದರಿಂದ ಸರ್ಕಾರಕ್ಕೆ ಎಷ್ಟು ಹಣ ಉಳಿಯಿತೆಂಬುದನ್ನು ದಾಖಲೆಗಳಿಂದ ಇಂದಿಗೂ ಲೆಕ್ಕ ಹಾಕಬಹುದು. ಏನು ಕಳೆಯಿತೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಆ ಪ್ರಸ್ತಾವಕ್ಕೆ ಸಹಿ ಮಾಡಿದ್ದ ಅಧ್ಯಾಪಕರ ಹೆಸರನ್ನು ನೆನಪಿಸಿಕೊಳ್ಳಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ. ನೆನಪಿಗೆ ಬರುವುದು ನನ್ನ ಟಿಪ್ಪಣಿ ಮಾತ್ರ.